ಕಲ್ಲಿನಡಿ ಈ ಹುಳ ಇದ್ದರೆ ಹಳ್ಳದ ನೀರು ಕುಡಿಯಬಹುದಾ?

ಪ್ರಶ್ನೆ: ಮಲೆನಾಡಿಗೆ ಚಾರಣ ಹೋದಾಗ ಹಳ್ಳದಲ್ಲಿ ಒಂದು ಕಲ್ಲು ಎತ್ತಿದೆವು. ಅಡಿಯಲ್ಲಿ ಚಪ್ಪಟೆ ಮೈಯ, ಎರಡು ಬಾಲದ ಹುಳ ಇತ್ತು. ‘ಇದು ಇರುವ ಕಡೆ ನೀರು ಚೊಕ್ಕ, ಧೈರ್ಯವಾಗಿ ಕುಡಿಯಿರಿ’ ಎಂದರು ಜೊತೆಗಿದ್ದವರು. ನಿಜವಾ?

ಉತ್ತರ: ಚೊಕ್ಕ ಅನ್ನುವುದು ಒಂದು ಮಟ್ಟಿಗೆ ನಿಜ. ಕುಡಿಯಬಹುದು ಅನ್ನುವುದು ಸುಳ್ಳು.

ನೀವು ನೋಡಿದ್ದು ಸ್ಟೋನ್‌ಫ್ಲೈ ಮರಿ, ಬಹುಶಃ ನಿಯೋಪರ್ಲಾ ಕುಲದ್ದು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಈ ಕುಲ ಇದೆ, ಆಫ್ರಿಕಾ, ಉತ್ತರ ಅಮೆರಿಕದಲ್ಲೂ ಇದರ ಬಳಗ ಇದೆ. ಮೇಫ್ಲೈ ಮರಿಯೂ ಸುಮಾರು ಹೀಗೇ ಕಾಣುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಮೂರು ಬಾಲ, ಕಿವಿರು ಹೊಟ್ಟೆಯ ಪಕ್ಕದಲ್ಲಿ. ಇದರ ಕಿವಿರು ಕಾಲಿನ ಬುಡದಲ್ಲಿ, ದಾರದ ಕುಚ್ಚಿನ ಹಾಗೆ. ಇಬ್ಬರೂ ಒಂದೇ ಕಲ್ಲಿನಡಿ ಸಿಗುತ್ತಾರೆ, ಸ್ನೇಹಕ್ಕಲ್ಲ. ಕತ್ತಲಾದ ಮೇಲೆ ಸ್ಟೋನ್‌ಫ್ಲೈ ಮರಿ ಸಂದಿಗೊಂದಿಯಲ್ಲಿ ಮೀಸೆ ಆಡಿಸುತ್ತಾ ಮೇಫ್ಲೈ ಮರಿಯನ್ನು ಹುಡುಕಿ ತಿನ್ನುತ್ತದೆ.

ಇಂಥ ಬೇಟೆಗಾರನಿಗೂ ಒಂದು ದೌರ್ಬಲ್ಯ ಇದೆ, ಉಸಿರು. ನಿಂತ ನೀರಿನ ಬಟ್ಟಲಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆಲ್ಲ ಗರಡಿ ಹುಡುಗನಂತೆ ದಂಡ ಹೊಡೆಯಲು ಶುರುಮಾಡುತ್ತದೆ! ಮೈ ಮೇಲೆ ಕೆಳಗೆ ಆಡಿಸಿ ಕಿವಿರಿಗೆ ಹೊಸ ನೀರು ತಂದುಕೊಳ್ಳುವ ಪಾಡು ಅದು. (ಪರೀಕ್ಷೆ ಮಾಡಿದರೆ ಬೇಗ ಹಳ್ಳಕ್ಕೇ ಬಿಟ್ಟುಬಿಡಿ.) 10 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮೇಲಿಂದ ಚರಂಡಿ ಬೇರೆ ಸೇರಿತೋ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳು ಇದ್ದಬದ್ದ ಆಮ್ಲಜನಕವನ್ನೂ ಖಾಲಿ ಮಾಡುತ್ತವೆ. ಮೊದಲು ಜಾಗ ಖಾಲಿ ಮಾಡುವವರ ಸಾಲಿನಲ್ಲಿ ಈ ಹುಳ ಇರುತ್ತದೆ. ಹಾಗಾಗಿಯೇ ಬ್ರಿಟನ್ನಿನವರು ನದಿ ನೀರಿನ ಗುಣ ಅಳೆಯಲು ಮಾಡಿಕೊಂಡ ಹುಳಗಳ ಅಂಕಪಟ್ಟಿಯಲ್ಲಿ ಇದರ ಕುಟುಂಬಕ್ಕೆ 10ಕ್ಕೆ 10.

ಆದರೆ ಆ ಅಂಕ ಆಮ್ಲಜನಕದ ಲೆಕ್ಕದ್ದು. ಅರ್ಧ ಮೈಲಿ ಮೇಲೆ ದನ ಸಗಣಿ ಹಾಕಿರಬಹುದು, ಇಲಿ ಉಚ್ಚೆ ಹೊಯ್ದಿರಬಹುದು. ಇ. ಕೋಲಿಯೋ ಇಲಿಜ್ವರದ ರೋಗಾಣುವೋ ನೀರಲ್ಲಿದ್ದರೆ ಹುಳಕ್ಕೆ ಅದರ ಪರಿವೆಯೇ ಇಲ್ಲ. ಹೊಟ್ಟೆ ಕೆಡುವುದು ನಿಮ್ಮದು, ಅಲ್ವಾ? ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು, ಆರಿಸಿ ಕುಡಿಯಿರಿ.

ಹುಳ ಸಿಗಲಿಲ್ಲ ಅಂದರೆ ನೀರು ಕೆಟ್ಟಿದೆ ಅಂತಲೂ ಅಲ್ಲ. ಮಳೆಗಾಲದ ನೆರೆಗೆ ಕೊಚ್ಚಿಹೋಗಿರಬಹುದು, ರೆಕ್ಕೆ ಬಂದು ಹಾರಿಯೂ ಹೋಗಿರಬಹುದು. ನೀರಿನಿಂದ ಮೇಲೆದ್ದ ಬಂಡೆಗಳ ಪಕ್ಕ ಕಣ್ಣಾಡಿಸಿ. ಬೆನ್ನು ಸೀಳಿದ, ಎರಡು ಬಾಲದ ಖಾಲಿ ಪೊರೆ ಅಲ್ಲಿ ಅಂಟಿಕೊಂಡಿರುತ್ತದೆ.