ಮೆಚ್ಚುಗೆಗೆ ಲೆಕ್ಕ ಶುರುವಾದದ್ದು ಯಾವಾಗ?

ಫೋಟೊ ಹಾಕಿ ಐದು ನಿಮಿಷ ಆಗಿರುವುದಿಲ್ಲ, ಕೈ ಮತ್ತೆ ಫೋನಿಗೆ ಹೋಗುತ್ತದೆ. ಎಷ್ಟು ಲೈಕ್ ಬಂತು? ಯಾರೆಲ್ಲ ನೋಡಿದರು? ನೋಡಿಯೂ ಸುಮ್ಮನಿದ್ದವರು ಯಾರು? ಹೋದ ಸಲಕ್ಕಿಂತ ಕಡಿಮೆ ಬಂದಿದ್ದರೆ, ಆಗಷ್ಟೇ ಚೆನ್ನಾಗಿ ಕಂಡಿದ್ದ ಮುಖ ಸಪ್ಪೆಯಾಗಿ ಕಾಣತೊಡಗುತ್ತದೆ. ಕೆಲವರು ಫೋಟೊ ಅಳಿಸಿಯೇ ಬಿಡುತ್ತಾರೆ.

ಇದನ್ನು ನೋಡಿ 'ಈಗಿನ ಮಕ್ಕಳ ಮನಸ್ಸು ಗಟ್ಟಿಯಿಲ್ಲ' ಎಂದುಬಿಡುವವರು ಜಾಸ್ತಿ. ನಾನು ಅದನ್ನು ಒಪ್ಪುವುದಿಲ್ಲ. ಈ ಚಡಪಡಿಕೆ ತಾನಾಗಿ ಹುಟ್ಟಿದ್ದಲ್ಲ. ಯಾರೋ ಕೂತು ಮಾಡಿದ ಸಣ್ಣ ಸಣ್ಣ ತೀರ್ಮಾನಗಳು ಒಂದರ ಮೇಲೊಂದು ಸೇರಿ ಇಲ್ಲಿಗೆ ತಂದಿವೆ. ಒಂದೊಂದಕ್ಕೂ ಇಸವಿ ಇದೆ.

ಹೋಲಿಸಿಕೊಳ್ಳುವ ಬುದ್ಧಿ ಮಾತ್ರ ಹಳೆಯದೇ. 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಆತ್ಮಗೌರವಕ್ಕೆ ಒಂದು ಲೆಕ್ಕ ಕೊಟ್ಟರು. ನಾವು ಸಾಧಿಸಿದ್ದನ್ನು ನಾವು ಆಸೆಪಟ್ಟದ್ದರಿಂದ ಭಾಗಿಸಿದರೆ ಬರುವುದೇ ಆತ್ಮಗೌರವ. ಉದಾಹರಣೆಗೆ ತಮ್ಮನ್ನೇ ತೆಗೆದುಕೊಂಡರು. ಮನಶ್ಶಾಸ್ತ್ರದಲ್ಲಿ ಬೇರೆಯವರು ತಮಗಿಂತ ಮುಂದಿದ್ದರೆ ಅವರಿಗೆ ತಲೆ ತಗ್ಗಿಸುವಂತಾಗುತ್ತಿತ್ತು. ಗ್ರೀಕ್ ಭಾಷೆಯ ಗಂಧಗಾಳಿ ಇಲ್ಲ ಎನ್ನುವುದಕ್ಕೆ ಕಿಂಚಿತ್ತೂ ಬೇಸರವಿರಲಿಲ್ಲ. ಗ್ರೀಕ್ ಪಂಡಿತನಾಗಬೇಕೆಂಬ ಆಸೆಯೇ ಇರಲಿಲ್ಲವಲ್ಲ. ಸಾಧನೆ ಅಷ್ಟೇ ಇದ್ದು ಆಸೆ ಬೆಳೆಯುತ್ತಾ ಹೋದರೆ ಮನುಷ್ಯ ತನ್ನ ಕಣ್ಣಲ್ಲೇ ಚಿಕ್ಕವನಾಗುತ್ತಾನೆ. ನೂರು ವರ್ಷಗಳ ನಂತರ ಬಂದ ಆ್ಯಪ್‌ಗಳು ಕೈ ಹಾಕಿದ್ದು ಈ ಆಸೆಯ ಅಂಕಿಗೇ.

1902ರಲ್ಲಿ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ ಇನ್ನೊಂದು ಮಾತು ಸೇರಿಸಿದರು. ಬೇರೆಯವರು ನಮ್ಮ ಬಗ್ಗೆ ಏನಂದುಕೊಂಡಿದ್ದಾರೆ ಎಂದು ನಾವು ಊಹಿಸುತ್ತೇವೆ. ಆ ಊಹೆಯಿಂದಲೇ ನಮ್ಮ ಬಗ್ಗೆ ಹೆಮ್ಮೆಯೋ ನಾಚಿಕೆಯೋ ಮೂಡುತ್ತದೆ. ಊಹೆ ಎನ್ನುವುದರಲ್ಲಿ ಒಂದು ಕರುಣೆ ಇತ್ತು ಅನ್ನಿಸುತ್ತದೆ ನನಗೆ. ಗೆಳೆಯರಿಗೆ ನನ್ನ ಹೊಸ ಅಂಗಿ ಇಷ್ಟವಾಯಿತೋ ಇಲ್ಲವೋ ಪೂರ್ತಿ ಗೊತ್ತಾಗುತ್ತಿರಲಿಲ್ಲ. ಇಷ್ಟವಾಗಿರಬಹುದು ಅಂದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು.

1954ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಹೋಲಿಕೆಯ ಬಗ್ಗೆಯೇ ಒಂದು ಸಿದ್ಧಾಂತ ಬರೆದರು. ನಾವು ಹೆಚ್ಚಾಗಿ ಹೋಲಿಸಿಕೊಳ್ಳುವುದು ನಮ್ಮಂಥವರ ಜೊತೆಗೆ ಎಂದರು. ಚೆಸ್ ಈಗಷ್ಟೇ ಕಲಿಯುತ್ತಿರುವವನು ತನ್ನನ್ನು ಗ್ರ್ಯಾಂಡ್‌ಮಾಸ್ಟರ್ ಜೊತೆ ಹೋಲಿಸಿಕೊಳ್ಳುವುದಿಲ್ಲ. ಮುಂದೆ ಮುರಿದುಬಿದ್ದದ್ದು ಈ ಬೇಲಿಯೇ.

ಅದರ ಮುನ್ಸೂಚನೆ ಟಿವಿ ಕಾಲದಲ್ಲೇ ಸಿಕ್ಕಿತ್ತು. ಫಿಜಿ ದ್ವೀಪದಲ್ಲಿ ಮೈತುಂಬಿಕೊಂಡ ದೇಹಕ್ಕೇ ಮೆಚ್ಚುಗೆ ಇತ್ತು. ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿವಿ ಬಂತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆ್ಯನ್ ಬೆಕರ್ ಶಾಲಾ ಹುಡುಗಿಯರನ್ನು ಆಗೊಮ್ಮೆ, 1998ರಲ್ಲಿ ಇನ್ನೊಮ್ಮೆ ಮಾತಾಡಿಸಿದರು. ಊಟ, ತೂಕದ ಬಗ್ಗೆ ಅಪಾಯಕಾರಿ ಧೋರಣೆ ಇದ್ದವರು ಮೊದಲ ಸಲ ಸುಮಾರು ಶೇ 13, ಎರಡನೇ ಸಲ ಸುಮಾರು ಶೇ 29. ಆದರೂ ಟಿವಿಯಲ್ಲಿ ಕಾಣುವವರು ನಟಿಯರು, ಬೇರೆ ಲೋಕದವರು ಎಂಬ ತಿಳಿವಳಿಕೆಗಾದರೂ ಜಾಗವಿತ್ತು.

ಇಂಟರ್ನೆಟ್ ಬಂದ ಮೇಲೆ ಮಾಮೂಲಿ ಜನರ ಮುಖಕ್ಕೂ ಅಂಕ ಬಿತ್ತು. 2000ನೇ ಇಸವಿಯಲ್ಲಿ ಶುರುವಾದ 'ಹಾಟ್ ಆರ್ ನಾಟ್' ಸೈಟ್‌ನಲ್ಲಿ ಅಪರಿಚಿತರ ಫೋಟೊಗೆ 1ರಿಂದ 10ರವರೆಗೆ ಅಂಕ ಕೊಡಬಹುದಿತ್ತು. 2003ರಲ್ಲಿ ಮಾರ್ಕ್ ಝಕರ್‌ಬರ್ಗ್ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದಾಗ ಮಾಡಿದ 'ಫೇಸ್‌ಮ್ಯಾಶ್' ಇಬ್ಬರ ಫೋಟೊ ಅಕ್ಕಪಕ್ಕ ಇಟ್ಟು ಯಾರು ಚೆಂದ ಎಂದು ಕೇಳುತ್ತಿತ್ತು. ಮರುವರ್ಷ ಅವರದೇ ಫೇಸ್‌ಬುಕ್ ಬಂತು. 2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ಬಂತು. ಆಮೇಲೆ ಯಾರ ಪುಟಕ್ಕೂ ಹುಡುಕಿಕೊಂಡು ಹೋಗಬೇಕಿರಲಿಲ್ಲ, ಎಲ್ಲರ ಸುದ್ದಿಯೂ ತಾನೇ ಎದುರಿಗೆ ಬರುತ್ತಿತ್ತು. 2009ರ ಫೆಬ್ರವರಿಯಲ್ಲಿ ಲೈಕ್ ಬಟನ್ ಬಂತು.

ಕೂಲಿ ಹೇಳಿದ ಊಹೆ ಅಲ್ಲಿಗೆ ಮುಗಿಯಿತು. ಇಷ್ಟವಾಯಿತೋ ಇಲ್ಲವೋ ಎಂಬ ಮಬ್ಬಿನ ಜಾಗಕ್ಕೆ ಒಂದು ಅಂಕಿ ಬಂದು ಕೂತಿತು, ಅದೂ ಎಲ್ಲರಿಗೂ ಕಾಣುವಂತೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ದೊಡ್ಡ ತಿರುವು ಇದೇ.

ಹತ್ತಿರದಲ್ಲೇ ಇನ್ನೊಂದು ಬಂತು. 2010ರ ಜೂನ್‌ನಲ್ಲಿ ಬಂದ ಐಫೋನ್ 4ರಲ್ಲಿ ಮುಂಭಾಗದಲ್ಲೂ ಕ್ಯಾಮೆರಾ ಇತ್ತು. ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂ ಶುರುವಾಯಿತು. ಕೈಯಳತೆಯ ದೂರದಿಂದ ತೆಗೆದ ಫೋಟೊ ಮುಖವನ್ನು ಇದ್ದ ಹಾಗೆ ತೋರಿಸುವುದಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿದರು. ಒಂದು ಅಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ, ಐದು ಅಡಿ ದೂರದ ಫೋಟೊಗಿಂತ ಸುಮಾರು ಶೇ 30ರಷ್ಟು ಜಾಸ್ತಿ ಕಾಣುತ್ತದೆ. ಮೂಗು ಕ್ಯಾಮೆರಾಕ್ಕೆ ಹತ್ತಿರ, ಕೆನ್ನೆ ಕಿವಿ ದೂರ, ಅಷ್ಟೇ ಕಾರಣ. ತನ್ನ ಮೂಗು ದಪ್ಪ ಎಂದು ಕೊರಗುವ ಹುಡುಗಿಗೆ ಇದನ್ನು ಯಾರಾದರೂ ಹೇಳಿರುತ್ತಾರಾ? ಅದರ ಮೇಲೆ 2015ರಿಂದ ಸ್ನ್ಯಾಪ್‌ಚಾಟ್‌ನ ಲೆನ್ಸ್‌ಗಳು ಬಂದವು. ಈ ಥರದ ಫಿಲ್ಟರ್‌ಗಳು ಚರ್ಮ ನುಣುಪು ಮಾಡಿ, ಕಣ್ಣು ಹಿಗ್ಗಿಸಿ, ದವಡೆ ಸಣ್ಣ ಮಾಡಿ ತೋರಿಸತೊಡಗಿದವು. ಮೊದಲು ಸಿನಿಮಾ ನಟಿಯ ಫೋಟೊ ಹಿಡಿದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗುತ್ತಿದ್ದರು. ಈಗ ಫಿಲ್ಟರ್ ಹಾಕಿದ ತಮ್ಮದೇ ಫೋಟೊ ಹಿಡಿದು ಬರುತ್ತಿದ್ದಾರೆ ಎಂದು ವೈದ್ಯರು 2018ರ ಹೊತ್ತಿಗೇ ಬರೆದರು. ಹೋಲಿಕೆಗೆ ಬೇರೆಯವರೇ ಬೇಕಿಲ್ಲ ಎಂಬಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೂ, ಹಾನಿ ಎಷ್ಟು ಎಂಬ ಬಗ್ಗೆ ಸಂಶೋಧಕರಲ್ಲಿ ಜಗಳ ಮುಗಿದಿಲ್ಲ. ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್‌ಕಿ 2019ರಲ್ಲಿ ಲಕ್ಷಾಂತರ ಹದಿಹರೆಯದವರ ಮಾಹಿತಿ ಜಾಲಾಡಿದರು. ಅವರ ನೆಮ್ಮದಿಯಲ್ಲಿ ಕಾಣುವ ಏರುಪೇರಿಗೆ ಡಿಜಿಟಲ್ ಬಳಕೆಯ ನಂಟು ಹೆಚ್ಚೆಂದರೆ ಶೇ 0.4 ಎಂದರು. ಇದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಇದು ಸರಾಸರಿ. ಗೆಳೆಯರ ಜೊತೆ ಹರಟೆ ಹೊಡೆಯುವ ಒಂದು ಗಂಟೆಯೂ ಬೇರೆಯವರ ಸೊಂಟ ನೋಡುತ್ತಾ ಕಳೆಯುವ ಒಂದು ಗಂಟೆಯೂ ಈ ಲೆಕ್ಕದಲ್ಲಿ ಒಂದೇ.

ನನಗೆ ಹೆಚ್ಚು ಮನಸ್ಸಿಗೆ ನಾಟಿದ್ದು 2022ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನ. ಫೇಸ್‌ಬುಕ್ ಶುರುವಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಒಂದೊಂದಾಗಿ ತೆರೆದುಕೊಂಡಿತ್ತು. ಹಾಗಾಗಿ ಬಂದ ಕಾಲೇಜು, ಇನ್ನೂ ಬಾರದ ಕಾಲೇಜು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಬಂದ ಕಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುಸಿದಿತ್ತು. ಕ್ಯಾಂಪಸ್‌ನ ಹೊರಗೆ ಇರುವವರಂಥ, ಬೇರೆಯವರ ಮಜಾ ನೋಡಿ ತಾನು ಹಿಂದೆ ಬಿದ್ದೆ ಅನ್ನಿಸಬಹುದಾದವರಿಗೆ ಪೆಟ್ಟು ಜಾಸ್ತಿ. ಆಗ ಲೈಕ್ ಬಟನ್ ಇರಲಿಲ್ಲ, ಸೆಲ್ಫಿ ಕ್ಯಾಮೆರಾ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ, ಈಗಿನಂಥ ಫಿಲ್ಟರ್ ಇರಲಿಲ್ಲ. ಬರೀ ಹೋಲಿಕೆಯೇ ಅಷ್ಟು ಮಾಡಿತ್ತು.

ಒಳ್ಳೆಯದೇನೂ ಇಲ್ಲ ಎನ್ನಲಾರೆ. ಸುತ್ತಮುತ್ತ ತನ್ನಂಥವರು ಯಾರೂ ಇಲ್ಲದ ಹುಡುಗನಿಗೆ, ಹುಡುಗಿಗೆ ಅಲ್ಲಿ ಜೊತೆ ಸಿಗುತ್ತದೆ. ಆ ಜೊತೆಗೆ ನಿಜವಾದ ಬೆಲೆ ಇದೆ.

ಕಂಪನಿಗಳಿಗೆ ಇದೆಲ್ಲ ಗೊತ್ತಿರಲಿಲ್ಲವಾ? ಗೊತ್ತಿತ್ತು. ಇನ್‌ಸ್ಟಾಗ್ರಾಂ ಕೂಡ ಫೇಸ್‌ಬುಕ್ ಕಂಪನಿಯದೇ. 2021ರಲ್ಲಿ ಅಲ್ಲಿನ ಮಾಜಿ ಉದ್ಯೋಗಿ ಫ್ರಾನ್ಸೆಸ್ ಹಾಗನ್ ಹೊರತಂದ ಕಂಪನಿಯ ಒಳದಾಖಲೆಗಳಲ್ಲಿ, ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ದೇಹದ ಬಗೆಗಿನ ಬೇಸರವನ್ನು ನಾವು ಇನ್ನಷ್ಟು ಕೆಡಿಸುತ್ತೇವೆ ಎಂಬ ಅರ್ಥದ ಸಾಲಿತ್ತು. ಆ ಅಂಕಿ ಆಗಲೇ ದೇಹದ ಬಗ್ಗೆ ಕೊರಗು ಇದ್ದವರನ್ನು ಕುರಿತದ್ದು, ಅನೇಕರಿಗೆ ಇನ್‌ಸ್ಟಾಗ್ರಾಂನಿಂದ ಒಳ್ಳೆಯದೂ ಆಗಿದೆ ಎಂದು ಕಂಪನಿ ವಾದಿಸಿತು. ಆಗಲೇ ನೊಂದಿದ್ದವರಿಗೇ ನೋವು ಹೆಚ್ಚಾಗಿದೆ ಎನ್ನುವುದು ಸಮಾಧಾನದ ಮಾತಾಗಿ ನನಗೆ ಕೇಳಿಸಲಿಲ್ಲ.

ಅಂಕಿಯನ್ನು ಮುಚ್ಚುವ ಪ್ರಯತ್ನವೂ ನಡೆಯಿತು. 2019ರಲ್ಲಿ ಇನ್‌ಸ್ಟಾಗ್ರಾಂ ಕೆಲವು ದೇಶಗಳಲ್ಲಿ ಲೈಕ್ ಸಂಖ್ಯೆ ಮರೆಮಾಡಿ ನೋಡಿತು. 2021ರಲ್ಲಿ ಅದನ್ನು ಬಳಕೆದಾರರ ಇಷ್ಟಕ್ಕೆ ಬಿಟ್ಟಿತು. ನಾವಾಗಿ ಸೆಟಿಂಗ್‌ಗೆ ಹೋಗಿ ಬದಲಿಸಿದರೆ ಮಾತ್ರ ಮರೆಯಾಗುತ್ತದೆ. ನಮ್ಮ ಫೋಟೊದ ಲೈಕ್ ಸಂಖ್ಯೆ ಬೇರೆಯವರಿಗೆ ಕಾಣದಂತೆ ಮಾಡಿದರೂ ನಾವು ಅದನ್ನು ನೋಡಬಹುದು. ಅಂದರೆ ಯಾರನ್ನು ಅದು ಚುಚ್ಚುತ್ತದೋ ಅವರ ಕಣ್ಣೆದುರು ಅದು ಹಾಗೇ ಉಳಿದಿದೆ.

ಸರ್ಕಾರಗಳು ಬೇರೆ ದಾರಿ ಹಿಡಿದಿವೆ. ದೇಹದ ಆಕಾರ ತಿದ್ದಿದ ಜಾಹೀರಾತು ಫೋಟೊಗಳಿಗೆ ಗುರುತು ಹಾಕಬೇಕೆಂಬ ಕಾನೂನು ನಾರ್ವೆಯಲ್ಲಿ 2022ರಿಂದ ಜಾರಿಯಲ್ಲಿದೆ. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ತಂದು, 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಆ್ಯಪ್‌ಗಳಲ್ಲಿ ಖಾತೆ ಹೊಂದುವಂತಿಲ್ಲ ಎಂದಿದೆ. ಮಕ್ಕಳಿಗೆ ಒಂದಿಷ್ಟು ವರ್ಷ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಈ ನಿಷೇಧ ವಯಸ್ಸನ್ನು ನೋಡುತ್ತದೆಯೇ ಹೊರತು ಆ್ಯಪ್‌ ಹೇಗಿದೆ ಎಂಬುದನ್ನಲ್ಲ. 16 ತುಂಬಿ ಖಾತೆ ತೆರೆದವರಿಗೆ ಸಿಗುವುದು ಅದೇ ಫೀಡ್, ಅದೇ ಫಿಲ್ಟರ್, ಅದೇ ಅಂಕಿ.