ಇಲಿಯ ನರಕ್ಕೆ ಆದದ್ದು ನಮಗೂ ಆಗುತ್ತಾ?

ಓದುಗರ ಪ್ರಶ್ನೆ: "ಕೀಟನಾಶಕ ಕೊಟ್ಟ ಇಲಿಗಳ ನರಕ್ಕೆ ಪೆಟ್ಟಾಯಿತು ಅಂತ ಆಗಾಗ ಓದುತ್ತೇವೆ. ಇಲಿ ಬೇರೆ, ಮನುಷ್ಯ ಬೇರೆ ಅಲ್ವಾ? ನಾವು ಯಾಕೆ ಚಿಂತೆ ಮಾಡಬೇಕು?"

ಮಾಡಲೇಬೇಕು. ಇಂಥ ಬಹಳಷ್ಟು ಔಷಧಿಗಳು ಹುಳವನ್ನು ಕೊಲ್ಲುವುದೇ ನರದ ಮೂಲಕ. ಆ ನರದ ಕೆಲಸ ಹುಳಕ್ಕೂ ಇಲಿಗೂ ನಮಗೂ ಹೆಚ್ಚುಕಡಿಮೆ ಒಂದೇ.

ಗೆದ್ದಲಿಗೆ ಅಂತ ಹೊಲಕ್ಕೂ ಮನೆಯ ಪಾಯಕ್ಕೂ ಹಾಕುವ ಕ್ಲೋರ್‌ಪೈರಿಫಾಸ್ ನೋಡಿ. ನರವು ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒಡೆಯಲು ಒಂದು ಕಿಣ್ವ ಇದೆ, ಕೋಲಿನ್‌ಎಸ್ಟರೇಸ್ ಅಂತ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲದೆ ಹೋಗುತ್ತಲೇ ಇರುತ್ತದೆ. ಆಮೇಲೆ ಇಲಿಗೆ ಜೊಲ್ಲು ಸುರಿಯುತ್ತದೆ, ಮೈ ಅದುರುತ್ತದೆ, ವಿಷ ಜಾಸ್ತಿಯಾದರೆ ಉಸಿರು ನಿಲ್ಲುತ್ತದೆ. ಔಷಧಿ ಹೊಡೆಯುವಾಗ ವಿಷ ಏರಿಸಿಕೊಂಡ ರೈತರಲ್ಲಿ ಡಾಕ್ಟರು ಕಾಣುವುದೂ ಇದನ್ನೇ: ಜೊಲ್ಲು, ಬೆವರು, ಚುಕ್ಕಿಯಷ್ಟಾದ ಕಣ್ಣಿನ ಪಾಪೆ. ಅಟ್ರೋಪಿನ್ ಎಂಬ ಮದ್ದು ಚುಚ್ಚುವುದು ಇದಕ್ಕೇ.

ನನಗೆ ಹೆಚ್ಚು ಕಳವಳ ತರುವುದು ಮರಿಗಳ ಲೆಕ್ಕ. 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದೊಡ್ಡ ಇಲಿ ಚರ್ಮದಡಿ ಚುಚ್ಚಿದ ಕ್ಲೋರ್‌ಪೈರಿಫಾಸನ್ನು ಕಿಲೋ ತೂಕಕ್ಕೆ 279 ಮಿಲಿಗ್ರಾಂವರೆಗೆ ತಡೆದುಕೊಂಡಿತು, ಎಳೆಯ ಮರಿ ತಡೆದದ್ದು ಬರೀ 45. ಮರಿಯ ದೇಹಕ್ಕೆ ವಿಷವನ್ನು ಮುರಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮುಂದೆ ಬಂದ ಪ್ರಯೋಗಗಳಲ್ಲಂತೂ, ಮೈ ಅದುರುವಿಕೆಯಂಥ ಯಾವ ಗುರುತೂ ತೋರದಷ್ಟು ಕಡಿಮೆ ಪ್ರಮಾಣ ಸಿಕ್ಕ ಮರಿಗಳ ಮಿದುಳಿನ ಬೆಳವಣಿಗೆಯಲ್ಲೂ ಏರುಪೇರು ಕಂಡಿದೆ. ಯುರೋಪಿಯನ್ ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸನ್ನು ಕೈಬಿಟ್ಟಾಗ, ಮಕ್ಕಳ ಮಿದುಳಿನ ಬಗೆಗಿನ ಇದೇ ಆತಂಕ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು.

ಹಾಗಂತ ಇಲಿ ಎಲ್ಲವನ್ನೂ ತೋರಿಸುವುದಿಲ್ಲ, "ಇಲಿಗೆ ಏನೂ ಆಗಿಲ್ಲ" ಅಂದರೆ ನಾವು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 1930ರಲ್ಲಿ ಅಮೆರಿಕದಲ್ಲಿ ಶುಂಠಿಯ ಕಷಾಯದಂಥ ಮದ್ದಿಗೆ ಕ್ಲೋರ್‌ಪೈರಿಫಾಸ್ ಸೇರಿರುವ ರಂಜಕದ (ಫಾಸ್ಫರಸ್) ಗುಂಪಿನದೇ ಒಂದು ರಾಸಾಯನಿಕ ಬೆರೆಸಿದ್ದರು. ಕುಡಿದ ಸಾವಿರಾರು ಜನರ ಕಾಲು, ಒಂದೆರಡು ವಾರ ಕಳೆದ ಮೇಲೆ ಸೋತುಹೋಯಿತು. ದೊಡ್ಡ ಇಲಿಯಲ್ಲಿ ಈ ತಡವಾಗಿ ಬರುವ ಲಕ್ವ ಸರಿಯಾಗಿ ಕಾಣಿಸುವುದಿಲ್ಲ, ಕೋಳಿಯಲ್ಲಿ ಕಾಣಿಸುತ್ತದೆ. ಅದಕ್ಕೇ ಇವತ್ತಿಗೂ ಈ ಗುಂಪಿನ ಔಷಧಿಗಳಿಗೆ ಹೇಂಟೆಯ ಮೇಲೆ ಪರೀಕ್ಷೆ ಮಾಡಿ, ಅದು ಹೇಗೆ ನಡೆಯುತ್ತದೆ ಅಂತ ಮೂರು ವಾರ ನೋಡುತ್ತಾರೆ.

ಆದ್ದರಿಂದ ಇಂಥ ಸುದ್ದಿ ಓದುವಾಗ ಎಷ್ಟು ಕೊಟ್ಟರು, ಯಾವ ವಯಸ್ಸಿನ ಪ್ರಾಣಿಗೆ, ಎಷ್ಟು ದಿನ ಗಮನಿಸಿದರು ಅನ್ನುವುದನ್ನು ಹುಡುಕಿ. ಪ್ರಯೋಗದಲ್ಲಿ ಕೊಡುವ ಪ್ರಮಾಣ ಎಷ್ಟೋ ಸಲ ನಮ್ಮ ಊಟದಲ್ಲಿ ಸೇರುವ ಅಂಶಕ್ಕಿಂತ ಬಹಳ ದೊಡ್ಡದು, ಇದು ನಿಜ. ಆದರೆ ಗಾಳಿಗೆ ಎದುರಾಗಿ ಬರಿಗೈಯಲ್ಲಿ ಔಷಧಿ ಹೊಡೆಯುವವರ ಮೈಗೆ ಇಳಿಯುವುದು ಊಟದ ಅಂಶವಲ್ಲ. ಅವರು ಆ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಾರದು. ಮೊದಲು ಸೋಪು ಹಾಕಿ ಸ್ನಾನ ಮಾಡಲಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ.