ತ್ರೀ ನಾಟ್ ತ್ರೀ: ಕೋವಿ ಗಟ್ಟಿ, ಕಾಡತೂಸಿನದೇ ತಕರಾರು

ನಮ್ಮಲ್ಲಿ ಪಹರೆ ಪೊಲೀಸರ ಹೆಗಲಲ್ಲಿ ದಶಕಗಟ್ಟಲೆ ನೇತಾಡಿದ ಕೋವಿ ತ್ರೀ ನಾಟ್ ತ್ರೀ, ಅಂದರೆ .303 ಇಂಚಿನದು. ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟಿದ್ದು 2020ರಲ್ಲಿ. ಸೈನ್ಯದ ಅಳತೆಯದೆಂದು ಜನಸಾಮಾನ್ಯರಿಗೆ ಇಲ್ಲಿ ಅದು ದಕ್ಕಲಿಲ್ಲ; .315 ಎಂಬ ಬೇರೆ ಅಳತೆಯ ಕೋವಿ ಹುಟ್ಟಿದ್ದೇ ಆ ನಿರ್ಬಂಧದಿಂದ. ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್‌ನಲ್ಲಿ ಹಾಗಲ್ಲ. ಅಲ್ಲಿನ ಹವ್ಯಾಸಿಗಳು ಸೈನ್ಯದ ಹಳೇ ದಾಸ್ತಾನು ಕರಗಿದ ಮೇಲೆ ಖಾಲಿ ಚಿಪ್ಪಿಗೆ ತಾವೇ ಮದ್ದು ತುಂಬಿಕೊಳ್ಳುತ್ತಿದ್ದಾರೆ. ಗೋಜಲು ಅಲ್ಲಿಂದ ಶುರು.

ಈ ಕಾಡತೂಸಿಗೆ 1888ರಲ್ಲಿ ಕರಿಮದ್ದು, ಮೂರ್ನಾಲ್ಕು ವರ್ಷದಲ್ಲೇ ಹೊಗೆ ಕಡಿಮೆಯ ಮದ್ದಾದ ಕಾರ್ಡೈಟ್, 1910ರಲ್ಲಿ 174 ಗ್ರೇನ್ (ಸುಮಾರು 11 ಗ್ರಾಂ) ತೂಕದ ಚೂಪು ಗುಂಡು. ಕಾರ್ಡೈಟ್ ಪುಡಿಯಲ್ಲ, ಶಾವಿಗೆಯಂಥ ಎಳೆಗಳ ಕಟ್ಟು. ಅದನ್ನು ಒಳಗಿಟ್ಟ ಮೇಲೆಯೇ ಚಿಪ್ಪಿನ ಕತ್ತು ಕಿರಿದಾಗಿಸುತ್ತಿದ್ದರು. (ಊಟಿ ರೈಲಿನ ದಾರಿಯಲ್ಲಿ ಸಿಗುವ ಅರವಂಕಾಡಿನ ಕಾರ್ಖಾನೆಯ ಹೆಸರಲ್ಲಿ ಕಾರ್ಡೈಟ್ ಇಂದಿಗೂ ಇದೆ.) ಆ ಕಾಲದ ತೂಕದ ಲೆಕ್ಕ ಈಗಿನ ಮದ್ದಿಗೆ ಹಾಕಿದರೆ ಜೀವಕ್ಕೇ ಸಂಚಕಾರ.

ನಿಜವಾದ ತೊಡಕು ಮದ್ದಿನದಲ್ಲ, ಕಾಡತೂಸು ಕೂರುವ ಗೂಡಿನದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೆಸರು ಮೆತ್ತಿದ ಕಾಡತೂಸೂ ಒಳಗೆ ಹೋಗಬೇಕಿತ್ತು, ಹಾಗಾಗಿ ಗೂಡು ಸಡಿಲ. ಕಾಡತೂಸನ್ನು ತಡೆದು ನಿಲ್ಲಿಸುವುದು ಬುಡದ ಅಂಚು ಮಾತ್ರ. ಹಾರಿಸಿದಾಗ ಹಿತ್ತಾಳೆ ಹಿಗ್ಗಿ ಗೂಡು ತುಂಬುತ್ತದೆ. ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಬೀಗವೂ ಹಿಂತುದಿಯಲ್ಲಿರುವುದರಿಂದ ಅದೂ ಕೂದಲೆಳೆಯಷ್ಟು ಮಣಿಯುತ್ತದೆ. ಸೈನಿಕನಿಗೆ ಇದು ಲೆಕ್ಕಕ್ಕಿಲ್ಲ, ಅವನ ಚಿಪ್ಪು ನೆಲಕ್ಕೆ ಬಿತ್ತು, ಮುಗಿಯಿತು. ಅದೇ ಚಿಪ್ಪನ್ನು ಹೆಕ್ಕಿ ಮತ್ತೆ ತುಂಬುವವನಿಗೆ ಹಾಗಲ್ಲ. ಹಿಗ್ಗಿದ ಚಿಪ್ಪನ್ನು ಒತ್ತಿ ಅಳತೆಗೆ ತರುವ ಮಾರುಕಟ್ಟೆಯ ಅಚ್ಚುಗಳು ಕಾಗದದ ಮೇಲಿನ ಅಳತೆಯವು, ಅವನ ಕೋವಿಯವಲ್ಲ. ಪ್ರತಿ ಸಲ ಇಡೀ ಚಿಪ್ಪನ್ನು ಅಚ್ಚಿಗೆ ಒತ್ತಿ, ಹಾರಿಸಿ, ಮತ್ತೆ ಒತ್ತಿದರೆ ಹಿತ್ತಾಳೆ ಎಳೆದೆಳೆದು ಬುಡದ ಹತ್ತಿರ ತೆಳುವಾಗುತ್ತದೆ. ಕೆಲವೇ ಸಲ ಹಾರಿಸುವಷ್ಟರಲ್ಲಿ ಬುಡ ಕಳಚಿ ಬರುತ್ತದೆ, ಮೈ ಒಳಗೇ ಸಿಕ್ಕಿಕೊಳ್ಳುತ್ತದೆ. ದೂರು ಮಾತ್ರ ಕೋವಿಯ ಮೇಲೆ!

ನಳಿಗೆಯ ಒಳ ಅಳತೆಯೂ ಒಂದೇ ಇಲ್ಲ: ಒಳಗಿನ ಸುರುಳಿ ಗೀರುಗಳ ತಳದಲ್ಲಿ ಅಳೆದರೆ 0.311 ಇಂಚು ಎಂದು ಬರೆದಿದ್ದರೂ ಯುದ್ಧಕಾಲದವು 0.314ರವರೆಗೂ ಸಿಗುತ್ತವೆ. ಮೆದು ಸೀಸದ ತುಂಡು ತೂರಿಸಿ ಅಳೆದ ಮೇಲೆಯೇ ಗುಂಡು ಕೊಳ್ಳುವುದು ಬಲ್ಲವರ ರೂಢಿ.

ಅವರು ಚಿಪ್ಪಿನ ಕತ್ತನ್ನಷ್ಟೇ ಒತ್ತುತ್ತಾರೆ, ಒಂದು ಕೋವಿಯ ಚಿಪ್ಪನ್ನು ಇನ್ನೊಂದಕ್ಕೆ ಹಾಕುವುದಿಲ್ಲ. ಮದ್ದಿನ ತಯಾರಕರು ಈಗ ಪ್ರಕಟಿಸಿದ ಪಟ್ಟಿಯ ಕನಿಷ್ಠ ತೂಕದಿಂದ ಶುರು ಮಾಡುತ್ತಾರೆ. ತುಂಬುವ ಮುನ್ನ ತುದಿ ಬಾಗಿಸಿದ ತಂತಿಯೊಂದನ್ನು ಚಿಪ್ಪಿನೊಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೀರುತ್ತಾರೆ. ತುದಿ ಎಲ್ಲಾದರೂ ತಗ್ಗಿಗೆ ಸಿಕ್ಕಿ ನಿಂತರೆ, ಆ ಚಿಪ್ಪು ಗುಜರಿಗೆ.